ಟವೆಲಿನ ಕೆಳಗೆ ಮೆಕ್ಸಿಕೋ ಸೋಡ

ಮೆಕ್ಸಿಕೋಕ್ಕೆ ಹೋಗಿ ಬಂದ ಮೇಲೆ ನಮ್ಮ ಮಾವ ಹಾಲೇಶಪ್ಪನವರಿಗೆ ಚಳ್ಳಕೆರೆಯಲ್ಲಿ ಯಾವುದೂ ರುಚಿಸದಂತಾಯಿತು. ಮಂಡಕ್ಕಿ ಮೆಣಸಿನಕಾಯಿ ರುಚಿಸಲಿಲ್ಲ, ಶೇಂಗಾ ಚಟ್ನಿ ರುಚಿಸಲಿಲ್ಲ, ನಾನು ಮಾಡುವ ಸಾರಂತೂ ಮೊದಲಿನಿಂದಲೂ ರುಚಿಸುತ್ತಿರಲಿಲ್ಲ. ಎಣ್ಣೆ ಮಿಲ್ಲುಗಳ ಮಾಲೀಕರೆಲ್ಲ ಸೇರಿ ಹೊಸ ಯಂತ್ರ ನೋಡಿ ಬರುತ್ತೇವೆಂದು ಹೋಗಿದ್ದರು. ಬಂದ ಮೇಲೆ ಯಂತ್ರದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಮ್ಮ ಮಾವನವರು ಎತ್ತಿದ್ದು ಸೋಡದ ಸುದ್ದಿ.

ಪಂಚೆ, ಬನಿಯನ್ನುಗಳಲ್ಲಿ ಸುತ್ತಿ ಅವರು ಹಣ್ಣಿನ ಸೋಡದ ಬಾಟಲಿಗಳನ್ನು ತಂದಿದ್ದರು. ದಾರಿಯಲ್ಲಿ ಒಂದು ಒಡೆದು ಬಿಳಿ ಪಂಚೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅವನ್ನು ಒಗೆದವಳು ನಾನು. ಉಳಿದವುಗಳ ಮೇಲಿನ ಭಾಷೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಚಿತ್ರ ನೋಡಿಯೇ ತಿಳಿಯಬೇಕಿತ್ತು. ಒಂದು ಅನಾನಸ್, ಒಂದು ಮಾವು, ಒಂದು ಸೀಬೆ, ಎರಡು ಹುಣಸೆ. ಹುಣಸೆಯ ಚಿತ್ರ ಕಂಡು ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ರಸ್ತೆ ಬದಿಯ ಹುಣಸೆಹಣ್ಣನ್ನು ಮೇಕೆ ಕೂಡ ಮೂಸಿ ನೋಡಿ ಮುಂದೆ ಹೋಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅದೇ ಗಿಡ ಸಮುದ್ರದಾಚೆಯಿಂದ ಬಾಟಲಿಯಲ್ಲಿ ಕೂತು ಬಂದರೆ ಮದ್ದೂ ಆಗುತ್ತದೆ, ಪ್ರಸಾದವೂ ಆಗುತ್ತದೆ.

ಪ್ರಸಾದ ಎಂದದ್ದು ಗೇಲಿಗಲ್ಲ. ನಮ್ಮ ಅತ್ತೆ ಸುಲೋಚನಮ್ಮ ಆ ಬಾಟಲಿಗಳಿಗೆ ಕುಂಕುಮ ಇಟ್ಟು, ದೇವರ ಮುಂದೆ ಸಾಲಾಗಿ ನಿಲ್ಲಿಸಿ, ಊದುಬತ್ತಿ ಬೆಳಗಿ, ಆಮೇಲೆ ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದರು. ನಮ್ಮ ಮನೆಯ ಫ್ರಿಜ್ಜಿಗೆ ಬೀಗ ಇತ್ತು, ಕೀಲಿ ಅತ್ತೆಯ ಸೊಂಟದಲ್ಲಿತ್ತು. ಹೊಸ ವಸ್ತು ಯಾವುದು ಬಂದರೂ ಮೊದಲು ದೇವರಿಗೆ, ಆಮೇಲೆ ಮಾವನವರಿಗೆ. ದೇವರು ಅಭಿಪ್ರಾಯ ಹೇಳುವುದಿಲ್ಲ. ಮಾವನವರು ಹೇಳುತ್ತಾರೆ, ಅದಾದ ಮೇಲೆ ಮಿಕ್ಕವರು ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಾವನವರ ತಲೆಯಲ್ಲಿ ಒಂದು ಯೋಜನೆ ಹೊಕ್ಕಿತ್ತು. ಅದೇ ತರಹದ ಹಣ್ಣಿನ ಸೋಡವನ್ನು ಇಲ್ಲೇ ತಯಾರಿಸಿ ದಾವಣಗೆರೆಯಿಂದ ಅನಂತಪುರದವರೆಗೆ ಕುಡಿಸಬೇಕು. ಚಳ್ಳಕೆರೆಯ ನೀರು ಸವಳು, ಸೋಡಕ್ಕೆ ಆಗುವುದಿಲ್ಲ. ಮೊಳಕಾಲ್ಮೂರಿನ ಅವರ ಹಳೆಯ ಮನೆಯ ಹಿಂದೆ ಸಿಹಿನೀರಿನ ಬಾವಿ ಇದೆ. ಆದ್ದರಿಂದ ಸೋಡದ ಕಾರ್ಖಾನೆ ಆ ಮನೆಯಲ್ಲೇ ಆಗಬೇಕು.

ಆ ಮನೆಯಲ್ಲಿ ಮುದ್ದಕ್ಕ ಇದ್ದಳು. ಮಾವನವರ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು, ಅಪ್ಪ ಬಿಟ್ಟುಹೋದ ಕುಣಿಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದುಕೊಂಡು, ಯಾರ ಮುಂದೂ ಕೈಚಾಚದೆ ಬದುಕಿದವಳು. ಮನೆ ಮಾತ್ರ ತಮ್ಮನ ಹೆಸರಿನಲ್ಲಿತ್ತು, ಹೆಣ್ಣುಮಕ್ಕಳ ಹೆಸರಿಗೆ ಮನೆ ಬರೆಯುವ ಕಾಲ ಅದಲ್ಲ. ಈಗ ತಮ್ಮ ಮಗ್ಗದ ಕುಣಿ ಮುಚ್ಚಿ ಸಿಮೆಂಟು ಹಾಕಿಸಿ, ಅದರ ಮೇಲೆ ಬಾಟಲಿ ತೊಳೆಯುವ ಯಂತ್ರ ಕೂರಿಸುವವರಿದ್ದರು. ಅಕ್ಕ ಚಳ್ಳಕೆರೆಗೆ ಬಂದು ನಮ್ಮ ಹಜಾರದ ಮೂಲೆಯಲ್ಲಿ ಟಿ.ವಿ. ನೋಡಿಕೊಂಡು ಇರಬಹುದಂತೆ. "ವಯಸ್ಸಾತು, ಎಷ್ಟು ದಿನ ಅಂತ ಕುಣಿಯೊಳಗೆ ಕಾಲಿಟ್ಕಂಡು ಕೂತಿರ್ತಾಳೆ?" ಎಂದು ಮಾವನವರು ಕನಿಕರದ ದನಿಯಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯಲ್ಲಿ ಯಾರಿಂದಲಾದರೂ ಏನಾದರೂ ಕಿತ್ತುಕೊಳ್ಳುವಾಗ ಮಾತ್ರ ಕನಿಕರ ಹೊರಗೆ ಬರುತ್ತಿತ್ತು.

ಒಂದು ಭಾನುವಾರ ಸೋಡದ ರುಚಿ ನೋಡುವುದಕ್ಕೆ ಮೂವರು ದೊಡ್ಡ ಮನುಷ್ಯರನ್ನು ಕರೆದರು. ಗೌರಸಮುದ್ರದ ದೊಡ್ಡಪಾಲಯ್ಯ, ಆ ಕಡೆಯ ಹಳ್ಳಿಗಳಿಗೆಲ್ಲ ಸೋಡದ ಏಜೆಂಟ್ ಆಗಬೇಕೆಂದು ಆಗಲೇ ಹೊಸ ಸಫಾರಿ ಹೊಲಿಸಿಕೊಂಡಿದ್ದರು. ಶೇಂಗಾ ದಲ್ಲಾಳಿ ರಾಜಣ್ಣ, ಮಾವನವರ ಮಿಲ್ಲಿಗೆ ಕಾಯಿ ಹಾಕುವವನು. ಲಾರಿಯ ಹೊನ್ನೂರಸ್ವಾಮಿ, ಮಾವನವರ ಎಣ್ಣೆ ಹೊರುವವನು. ಜೊತೆಗೆ ನನ್ನ ಗಂಡ ಮಾರುತೇಶ, ಅಪ್ಪ ಸೀನಿದರೆ ತನಗೆ ನೆಗಡಿ ಎನ್ನುವವನು. ಹೀಗೆ ನಿಷ್ಪಕ್ಷಪಾತವಾದ ಸಭೆ ಕೂಡಿತು. ಮುದ್ದಕ್ಕನಿಗೂ ಹೇಳಿಕಳಿಸಿದ್ದರು, ಬೆಳಗಿನ ಬಸ್ಸಿಗೆ ಬಂದು ಕಂಬಕ್ಕೊರಗಿ ಕೂತಿದ್ದಳು. ಅವಳನ್ನು ಕರೆಸಿದ್ದು ಕೇಳುವುದಕ್ಕಲ್ಲ, ಹೇಳುವುದಕ್ಕೆ.

ಬಾಟಲಿ ತೆಗೆಯುವ ಸಾಧನ ಮನೆಯಲ್ಲಿರಲಿಲ್ಲ. ನನ್ನ ಗಂಡ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದ. ಅನಾನಸ್ ಸೋಡ ಬುಸ್ಸೆಂದು ಹಾರಿ ರಾಜಣ್ಣನ ಅಂಗಿಯ ಮೇಲೆ ಬಿತ್ತು.

"ವಾಸನೆ ಚೆನ್ನಾಗೈತೆ," ಎಂದ ರಾಜಣ್ಣ, ಅಂಗಿ ಒರೆಸಿಕೊಳ್ಳುತ್ತ.

ಪುಟ್ಟ ಸ್ಟೀಲ್ ಲೋಟಗಳಲ್ಲಿ ನಾನು ತಂದುಕೊಟ್ಟೆ. ಎಲ್ಲರೂ ಒಂದು ಗುಟುಕು ಕುಡಿದರು, ಯಾರ ಮುಖವೂ ಅಲ್ಲಾಡಲಿಲ್ಲ. ಮಾವನವರು ಇನ್ನೂ ನುಂಗಿರಲಿಲ್ಲ. ಅವರ ಗಂಟಲಿನಿಂದ ಅದು ಇಳಿಯುವ ತನಕ ಉಳಿದವರು ಬಾಯಲ್ಲಿಟ್ಟುಕೊಂಡೇ ಕಾದರು. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿ ತುಪ್ಪ.

"ಅಮೃತ," ಅಂದರು ಮಾವನವರು.

"ಅಮೃತ ಅಂದ್ರೆ ಅಮೃತ," ಅಂದರು ದೊಡ್ಡಪಾಲಯ್ಯ.

"ನಾನೂ ಅದನ್ನೇ ಹೇಳಾಣ ಅಂತಿದ್ದೆ," ಅಂದ ರಾಜಣ್ಣ.

"ಬಾಗುಂದಿ ಸಾವ್ಕಾರ್ರೇ, ಶಾನೆ ಬಾಗುಂದಿ," ಅಂದ ಹೊನ್ನೂರಸ್ವಾಮಿ. ಆಂಧ್ರದ ಗಡಿಯ ಕಡೆಯವನು, ಮನಸ್ಸಿನಲ್ಲಿಲ್ಲದ ಮಾತನ್ನು ತೆಲುಗಿನಲ್ಲಿ ಹೇಳುವ ರೂಢಿ ಅವನಿಗೆ.

ಮಾವಿನದು ಬಂತು. ಮಾವನವರು "ಇದು ಇನ್ನೂ ಒಂದು ತೂಕ ಮೇಲು" ಅಂದರು, ಸಭೆಯೂ ಒಂದು ತೂಕ ಮೇಲೇರಿತು. ಸೀಬೆಯದು ಬಂತು. ದೊಡ್ಡಪಾಲಯ್ಯನವರ ಕಣ್ಣಲ್ಲಿ ನೀರು ಬಂತು. ಕೇಳಿದರೆ, ಚಿಕ್ಕಂದಿನಲ್ಲಿ ತಿಂದ ಸೀಬೆಹಣ್ಣು ನೆನಪಾಯಿತಂತೆ. ಒಳಗೆ ಬಂದ ನನ್ನ ಗಂಡ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ, "ಮೈಸೋಪು ನೆಕ್ಕಿದಂಗಾತು ಕಣೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಮತ್ತೆ ಹೊರಗೆ ಹೋಗಿ, "ಅಪ್ಪಾ, ಸೀಬೆ ಫಸ್ಟ್ ಕ್ಲಾಸ್," ಎಂದ.

ಕೊನೆಗೆ ಹುಣಸೆ. ಅದನ್ನು ಮಾವನವರೇ ಕೊನೆಗೆಂದು ಎತ್ತಿಡಿಸಿದ್ದರು. ನಮ್ಮ ಕಡೆ ಪುಕ್ಕಟೆ ಸಿಗುವ ಹಣ್ಣು ಅದೊಂದೇ, ಕಾರ್ಖಾನೆಯಲ್ಲಿ ಮೊದಲು ಮಾಡುವುದೂ ಅದನ್ನೇ. ಲೋಟದಲ್ಲಿ ಕಂದು ಬಣ್ಣದ ನೀರು ಗುಳ್ಳೆಯೇಳುತ್ತಿತ್ತು. ಕುಡಿದರು. ಈ ಸಲ ಮಾವನವರೂ ತುಸು ತಡವಾಗಿ ನುಂಗಿದರು. ಕೆನ್ನೆಯೊಳಗೆ ಅದನ್ನು ಆ ಕಡೆ ಈ ಕಡೆ ಹೊರಳಿಸಿ, ಕಣ್ಣು ಮುಚ್ಚಿ, ಗಂಟಲಿಗೆ ಇಳಿಸಿದರು.

"ಇದು... ಎಲ್ಲಕ್ಕಿಂತ ಮೇಲು," ಅಂದರು.

"ಎಲ್ಲಕ್ಕಿಂತ," ಅಂದಿತು ಸಭೆ.

"ಹಂಗಾದ್ರೆ ಮುಗೀತು," ಮಾವನವರು ಅಕ್ಕನ ಕಡೆ ತಿರುಗಿದರು. "ಅಕ್ಕಾ, ಊರಿನ ನಾಕು ಜನ ಹೇಳಿದ್ದು ಕೇಳಿದ್ಯಲ್ಲ. ಮುಂದಿನ ವಾರ ಮಗ್ಗ ಬಿಚ್ಚಿಸ್ತೀನಿ. ನೀನು ಇಲ್ಲಿಗೆ ಬಂದುಬಿಡು, ಆರಾಮಾಗಿರು."

ಮುದ್ದಕ್ಕ ಎಲೆಯಡಿಕೆ ಬಾಯಿಯ ಇನ್ನೊಂದು ಕಡೆಗೆ ತಳ್ಳಿಕೊಂಡಳು.

"ನಾಕು ಜನ ಎಲ್ಲಿ ಹೇಳಿದ್ರೋ ಹಾಲೇಶಿ? ನೀನು ಒಂದು ಸಲ ಹೇಳ್ದೆ, ಅದೇ ನಾಕು ಸಲ ಕೇಳ್ತು. ಇವರ ಬಾಯಿ ನಿನ್ನತ್ರ ಅಡ ಬಿದ್ದೈತೆ. ಬಾಯಿ ಕೇಳಬ್ಯಾಡ, ಬೆರಳು ಕೇಳು. ಟವಲ್ ಹಾಕು."

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಈ ಮಾತು ಅರ್ಥವಾಗಬೇಕಾದರೆ ನಮ್ಮ ಮಾವನವರ ಹಳೆಯ ಕಸುಬು ತಿಳಿದಿರಬೇಕು. ಮಿಲ್ಲು ಮಾಡುವುದಕ್ಕೆ ಮೊದಲು ಅವರು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಟವೆಲಿನ ಕೆಳಗೆ ಕೈ ಚಾಚುತ್ತಾನೆ, ಎದುರಿನವನು ಅವನ ಬೆರಳುಗಳನ್ನು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು ಬೆಲೆ. ಬೆರಳು ಹಿಡಿಯದೆ ಬರೀ ಮುಷ್ಟಿ ಇಟ್ಟರೆ, ನಿನ್ನ ಎತ್ತು ನೀನೇ ಇಟ್ಟುಕೋ ಎಂದು ಅರ್ಥ. ನಾಲಿಗೆ ತಪ್ಪಬಹುದು, ಬೆರಳು ತಪ್ಪಬಾರದು. ಕೆಳಗೆ ಆದ ಮಾತನ್ನು ಮೂರನೆಯವರ ಮುಂದೆ ಬಿಚ್ಚಬಾರದು. "ಹಾಲೇಶಪ್ಪ ಬೆರಳು ಹಿಡಿದರೆ ಸ್ಟಾಂಪ್ ಪೇಪರ್ ಬೇಡ" ಎಂದು ಸಂತೆಯವರು ಹೇಳುತ್ತಿದ್ದರಂತೆ. ಈ ಮಾತನ್ನು ನಾವು ಊಟಕ್ಕೊಮ್ಮೆ ಕೇಳುತ್ತಿದ್ದೆವು.

ಮಾವನವರು ನಕ್ಕರು. ಅನುಮಾನ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಹೊಗಳಿಕೆಯನ್ನು ನಂಬುವುದರಲ್ಲಿ ಅವರು ಮಗುವಿನಂಥವರು.

"ಆಗ್ಲಿ. ಈ ಹುಣಸೆ ಸೋಡಕ್ಕೆ ಒಬ್ಬರಾದ್ರೂ ಮೂರು ಬೆರಳಿಗಿಂತ ಕಮ್ಮಿ ಹಿಡಿದ್ರೆ ನಿನ್ನ ಮಗ್ಗದ ತಂಟೆಗೆ ಬರಲ್ಲ. ನಮ್ಮಪ್ಪನಾಣೆ. ಶಶಿರೇಖಾ, ಟವಲ್ ತಗಂಬಾರಮ್ಮ."

ತಂದುಕೊಟ್ಟೆ. ಮೊದಲು ದೊಡ್ಡಪಾಲಯ್ಯ. ಟವೆಲಿನ ಕೆಳಗೆ ಏನೋ ಮಿಸುಕಾಡಿ ನಿಂತಿತು. ಮಾವನವರ ನಗು ಅರ್ಧಕ್ಕೇ ನಿಂತಿದ್ದನ್ನು ನಾನು ನೋಡಿದೆ. ಗಂಟಲು ಸರಿಮಾಡಿಕೊಂಡು, "ಐದು!" ಎಂದು ಕೂಗಿದರು.

ದೊಡ್ಡಪಾಲಯ್ಯ ಬೆಚ್ಚಿಬಿದ್ದು ಮಾವನವರ ಮುಖ ನೋಡಿದರು. ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಸಫಾರಿಯ ಗುಂಡಿ ಸರಿಮಾಡಿಕೊಂಡು, "ಐದೇ ಮತ್ತೆ," ಅಂದರು.

ರಾಜಣ್ಣ ಕೈ ಕೊಟ್ಟ. "ಐದು!" ರಾಜಣ್ಣನ ಬಾಯಿ ತೆರೆಯಿತು, ಮಿಲ್ಲು ನೆನಪಾಗಿ ಮುಚ್ಚಿತು. ಹೊನ್ನೂರಸ್ವಾಮಿ ಕೈ ಕೊಟ್ಟ. "ಐದು!" ಈ ಸಲ ಅವನಿಗೆ ಬಾಗುಂದಿ ಎನ್ನುವುದಕ್ಕೂ ಉಸಿರು ಬರಲಿಲ್ಲ. ಕೊನೆಗೆ ನನ್ನ ಗಂಡ. "ಐದು!"

ನೀರು ಕುಡಿಯುವ ನೆವದಲ್ಲಿ ಒಳಗೆ ಬಂದ ಗಂಡ ಬೆವತಿದ್ದ. "ನಾನು ಬರೀ ಮುಷ್ಟಿ ಇಟ್ಟೆ ಕಣೆ. ಸಾರಿಗೆ ಸಕ್ಕರೆ ಸುರಿದಂಗಿತ್ತು, ಹೆಂಗೆ ಬೆರಳು ಹಿಡೀಲಿ? ಅಪ್ಪ ನೋಡಿದ್ರೆ ಐದು ಅಂದುಬಿಟ್ರು."

"ಹಂಗಂತ ಹೊರಗೆ ಹೋಗಿ ಹೇಳಿ."

"ಹೆಂಗೆ ಹೇಳಾದು? ಉಳಿದೋರೆಲ್ಲ ನಿಜವಾಗ್ಲೂ ಐದು ಹಿಡಿದವರೆ. ನನ್ನ ನಾಲಿಗೇಲೇ ಏನೋ ದೋಷ ಇರಬೇಕು."

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಅಲ್ಲಿ ಕೂತ ಪ್ರತಿಯೊಬ್ಬನಿಗೂ ತನ್ನ ಬೆರಳಿನ ವಿಷಯದಲ್ಲಿ ಮಾವನವರು ಸುಳ್ಳು ಹೇಳಿದರೆಂದು ಗೊತ್ತು. ಆದರೆ ಉಳಿದವರ ಬೆರಳಿನ ವಿಷಯದಲ್ಲಿ ನಿಜ ಹೇಳಿದರೆಂದು ನಂಬಿದ್ದಾನೆ. ಟವೆಲಿನ ಮಾತು ಬಿಚ್ಚಬಾರದು ಎಂಬ ಕಟ್ಟಳೆ ಬೇರೆ. ಹೆದರುವುದಕ್ಕೆ ಒಂದು ನೆವ ಬೇಕಿತ್ತು, ಕಟ್ಟಳೆ ಅದನ್ನೂ ಒದಗಿಸಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ನಡುವೆ ಮುದ್ದಕ್ಕನ ಮಗ್ಗ ಮಾತ್ರ ಮುರಿಯುವುದರಲ್ಲಿತ್ತು. ಮಾವನವರ ಲೆಕ್ಕವೂ ನನಗೆ ಅರ್ಥವಾಯಿತು. ಸುಳ್ಳು ಹೇಳಿದ್ದು ಅವರ ನಾಲಿಗೆ. ಬೆರಳು ಇನ್ನೂ ಸುಳ್ಳಾಡಿರಲಿಲ್ಲ. ಸಂತೆಯ ಮರ್ಯಾದೆ ಹಾಗೇ ಉಳಿದಿತ್ತು.

ನಾನು ಹೊರಗೆ ಬಂದಾಗ ಮಾವನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮುದ್ದಕ್ಕ ಕಂಬ ಬಿಟ್ಟು ಮುಂದಕ್ಕೆ ಸರಿದಳು.

"ಎಲ್ಲರದೂ ಆತು. ನಿಂದು?"

"ನಂದು ಆಗಲೇ ಹೇಳಿದ್ನಲ್ಲಕ್ಕ. ಎಲ್ಲಕ್ಕಿಂತ ಮೇಲು."

"ಬಾಯಲ್ಲಲ್ಲ," ಎಂದು ಅವಳು ಟವೆಲನ್ನು ಅವರ ಹೆಗಲಿಂದ ಎಳೆದುಕೊಂಡು ತನ್ನ ಬಲಗೈ ಮೇಲೆ ಹಾಕಿಕೊಂಡಳು. "ಈಗ ನಾನು ದಲ್ಲಾಳಿ. ಹಿಡಿ."

ಹೆಂಗಸು ಟವೆಲಿನ ಕೆಳಗೆ ಕೈ ಇಡುವುದೇ? ದೊಡ್ಡಪಾಲಯ್ಯ ಕೆಮ್ಮಿದರು. ನಮ್ಮ ಅತ್ತೆ ಬಾಗಿಲಲ್ಲಿ ನಿಂತು "ಅಯ್ಯಯ್ಯೋ" ಅಂದರು. ಮುದ್ದಕ್ಕ ಯಾರ ಕಡೆಗೂ ತಿರುಗಲಿಲ್ಲ.

"ಈ ಬೆರಳಿನ ಮಾತು ನಿಂಗೆ ಕಲಿಸಿದ್ದು ಯಾರೋ? ಅಪ್ಪ ಸೀರೆ ವ್ಯಾಪಾರಕ್ಕೆ ಕೂತಾಗ ಹಿಂದೆ ನಿಂತು ನೋಡ್ಕಂಡು ನಾನು ಕಲಿತೆ. ಮಗ್ಗದ ಕುಣಿಯೊಳಗೆ ಕೂರಿಸ್ಕಂಡು ನಿಂಗೆ ಕಲಿಸ್ದೆ. ಹಿತ್ತಲ ಸೀಬೆಹಣ್ಣು ಯಾರಿಗೆ ಎಷ್ಟು ಅಂತ ಬೆರಳಲ್ಲೇ ಮಾತಾಡ್ತಿದ್ವಿ, ಅವ್ವಂಗೆ ಕೇಳಬಾರದು ಅಂತ. ಆವಾಗ ನೀನು ಒಂದು ದಿನಾನೂ ನಂಗೆ ಮೋಸ ಮಾಡ್ಲಿಲ್ಲ. ಹಿಡಿಯೋ."

ಮಾವನವರ ಮುಖ ಕೆಂಪೇರಿತು. ಏಳಬೇಕೆಂದು ಅರ್ಧ ಎದ್ದರು. ಎಲ್ಲರೂ ನೋಡುತ್ತಿದ್ದರು. ಎದ್ದರೆ ಹೆದರಿದ ಹಾಗೆ. ಮತ್ತೆ ಕೂತು, ಕೈಯನ್ನು ಟವೆಲಿನ ಕೆಳಗೆ ತೂರಿಸಿದರು. ನಾನು ಆ ಮನೆಗೆ ಸೊಸೆಯಾಗಿ ಬಂದಮೇಲೆ ಮಾವನವರು ತಲೆ ತಗ್ಗಿಸಿದ್ದನ್ನು ಮೊದಲು ನೋಡಿದ್ದು ಆವತ್ತೇ. ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯಾಯಿತು.

ಮುದ್ದಕ್ಕ ಕೈ ಹೊರಗೆ ತೆಗೆದಳು. ತಮ್ಮನ ಮುಖವನ್ನೇ ನೋಡುತ್ತ, ತಮ್ಮ ಕೂಗಿದ ಹಾಗೆಯೇ ದೊಡ್ಡದಾಗಿ ಕೂಗಿದಳು.

"ಐದು!"

ಟವೆಲನ್ನು ನೀಟಾಗಿ ಮಡಚಿ ಅವರ ತೊಡೆಯ ಮೇಲಿಟ್ಟಳು. ಆಮೇಲೆ ಕಂಬದ ಹತ್ತಿರ ಹೋಗಿ ಕೂತಳು. ಮಾವನವರು ಟವೆಲಿನ ಅಂಚನ್ನು ತಿರುಚುತ್ತ ಕೂತರು.

"ಮೊಳಕಾಲ್ಮೂರು ಬ್ಯಾಡ ಬಿಡ್ರಿ," ಅಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. "ಆ ಬಾವಿ ನೀರು ಸಾಲಲ್ಲ. ಮಗ್ಗ ಇದ್ದಲ್ಲೇ ಇರ್ಲಿ. ಈ ಸೋಡ ಗೀಡ ನಮಗಾಗೋ ಕಸುಬಲ್ಲ."

ಸಭೆ ಒಂದು ಗಳಿಗೆ ತಬ್ಬಿಬ್ಬಾಯಿತು. ಎಲ್ಲರಿಂದಲೂ ಐದು ಬೆರಳು ಬಿದ್ದ ಸೋಡ ಯಾಕೆ ಬೇಡವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆದರೆ ತಿಳಿದುಕೊಂಡು ಹೂಂಗುಟ್ಟುವ ಅಭ್ಯಾಸ ಅವರಿಗೆಲ್ಲಿತ್ತು?

"ನೀರು ಎಲ್ಲಿ ಸಾಲ್ತೈತೆ," ಅಂದರು ದೊಡ್ಡಪಾಲಯ್ಯ, ಸಫಾರಿ ಸವರಿಕೊಳ್ಳುತ್ತ.

"ನಾನೂ ಅದನ್ನೇ ಹೇಳಾಣ ಅಂತಿದ್ದೆ," ಅಂದ ರಾಜಣ್ಣ.

"ಅಪ್ಪ ಹೇಳಾದೇ ಸರಿ," ಅಂದ ನನ್ನ ಗಂಡ.

ಹೊನ್ನೂರಸ್ವಾಮಿಗೆ ಉಸಿರು ಮರಳಿತ್ತು. "ಬಾಗುಂದಿ," ಅಂದ.

ಸಂಜೆ ಮುದ್ದಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಲು ನಾನು ಹೋದೆ. ಉಳಿದಿದ್ದ ಒಂದು ಹುಣಸೆ ಸೋಡದ ಬಾಟಲಿಯನ್ನು ಅತ್ತೆ ಅವಳ ಚೀಲಕ್ಕೆ ತುರುಕಿದ್ದರು. ಕೊಟ್ಟದ್ದು ಪ್ರೀತಿಯಿಂದಲ್ಲ, ಅದು ಕಣ್ಣೆದುರಿಗಿದ್ದರೆ ಮಾವನವರಿಗೆ ಸಿಟ್ಟು ಬರುತ್ತಿತ್ತು. ಮೊಳಕಾಲ್ಮೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತೆವು.

"ಅತ್ತೆ, ಮಾವನವರು ಎಷ್ಟು ಬೆರಳು ಹಿಡಿದ್ರು?" ಎಂದು ಮುದ್ದಕ್ಕನನ್ನು ಕೇಳಿದೆ.

"ಟವಲ್ ಕೆಳಗಿನ ಮಾತು ಬಾಯಲ್ಲಿ ಹೇಳಬಾರದು ಕಣೆ," ಎಂದಳು. ಹಾಗೆಂದವಳೇ ತನ್ನ ಸೆರಗನ್ನು ನನ್ನ ಕೈಮೇಲೆ ಎಳೆದು, ಅದರ ಕೆಳಗೆ ತನ್ನ ಕೈ ತಂದಳು. ಮಗ್ಗದ ಲಾಳಿ ಎಸೆದು ಎಸೆದು ಗಟ್ಟಿಯಾದ ಕೈ. ನನ್ನ ಅಂಗೈಯಲ್ಲಿ ಬರೀ ಮುಷ್ಟಿ ಇಟ್ಟಳು. ಮಾವನವರು ಇಟ್ಟದ್ದು ಅದೇ, ನಿನ್ನ ಎತ್ತು ನೀನೇ ಇಟ್ಟುಕೋ. ನನಗೆ ನಗು ಬಂತು, ಅವಳ ಕಣ್ಣಲ್ಲಿ ಮಾತ್ರ ನೀರಿತ್ತು. "ನಂಗೆ ಮೋಸ ಮಾಡ್ಲಿಲ್ಲ ನೋಡು ಹಾಲೇಶಿ," ಅಂದಳು. ಮಗ್ಗ ಉಳಿದದ್ದಕ್ಕಿಂತ ಅದೇ ಅವಳಿಗೆ ದೊಡ್ಡದಾಗಿತ್ತು.

ಸೆರಗಿನ ಕೆಳಗೆ ಕೈ ಹಾಗೇ ಇತ್ತು. ಅವಳು ಮುಷ್ಟಿ ಬಿಚ್ಚಿ ಬೆರಳುಗಳನ್ನು ಚಾಚಿದಳು.

"ನೀನೂ ಅಡಿಗೆಮನೇಲಿ ಕುಡಿದಿರ್ತೀಯ. ನಿಂಗೆ ಹೆಂಗಿತ್ತು?"

ಎಲ್ಲರಿಗೂ ಬಗ್ಗಿ ಬಗ್ಗಿ ಲೋಟ ಕೊಟ್ಟವಳು ನಾನು. ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ನಿಂತು ಕುಡಿದವಳೂ ನಾನು. ಆ ಮನೆಯಲ್ಲಿ ನನಗೆ ಯಾವುದರ ರುಚಿ ಹೇಗಿತ್ತೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳ ಬೆರಳುಗಳನ್ನು ಹಿಡಿದೆ. ಐದನ್ನೂ ಹಿಡಿದೆ.

ಮುದ್ದಕ್ಕ ಬಾಯಿ ತೆರೆದು ನನ್ನನ್ನು ನೋಡಿದಳು. "ನಿಜವಾಗ್ಲೂ?"

"ನಿಜವಾಗ್ಲೂ ಅತ್ತೆ. ಹುಳಿ, ಸಿಹಿ, ಮೂಗಿಗೆ ಚುರ್ ಅನ್ನಾದು, ಎಲ್ಲ ಹಿಡಿಸ್ತು. ಇನ್ನೊಂದು ಲೋಟ ಸಿಕ್ಕಿದ್ರೆ ಕುಡೀತಿದ್ದೆ."

ಅವಳು ಬಸ್‌ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ನಕ್ಕಳು. ಚೀಲದಿಂದ ಬಾಟಲಿ ತೆಗೆದು ನನ್ನ ಮಡಿಲಲ್ಲಿಟ್ಟಳು. ಬಸ್ಸು ಬಂದಿತ್ತು. ಮೆಟ್ಟಿಲು ಹತ್ತಿದವಳು ಕಿಟಕಿಯಿಂದ ಬಗ್ಗಿ ಮೆಲ್ಲಗೆ ಹೇಳಿದಳು:

"ಕುಡಿ. ಆದ್ರೆ ಚೆನ್ನಾಗಿತ್ತು ಅಂತ ಮನೇಲಿ ಬಾಯಿಬಿಡಬ್ಯಾಡ ತಾಯಿ. ನಿಮ್ಮ ಮಾವ ನಾಳೇನೇ ಬಂದು ಮಗ್ಗ ಬಿಚ್ಚಿಸ್ತಾನೆ."

ಬಸ್ಸು ಹೋಯಿತು. ಕಲ್ಲು ಬೆಂಚಿನ ಅಂಚಿಗೆ ಬಡಿದು ಮುಚ್ಚಳ ತೆಗೆದು ನಾನು ಅಲ್ಲೇ ಕೂತು ಪೂರ್ತಿ ಕುಡಿದೆ. ಮನೆಗೆ ಬಂದಾಗ ಅನಾನಸ್ ಕಲೆ ಹೋಗುತ್ತದೆಯೇ ನೋಡಲೆಂದು ರಾಜಣ್ಣ ಕಳಿಸಿದ ಅಂಗಿ ಬಂದು ಕೂತಿತ್ತು. ಅತ್ತೆ ಮರುದಿನ ಬೆಳಗಿನ ತಿಂಡಿಗೆ ಏನು ಎಂದು ಕೇಳಿದರು. ಬಾಟಲಿ ಏನಾಯಿತೆಂದು ಗಂಡ ಕೇಳಿದ. ಸೋಡ ಹೇಗಿತ್ತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.